ಸವಾರನ ಸಾವು ಯಾರ ಸ್ವತ್ತು?

ಹೈಫಾ ಕದನದ ಬಗ್ಗೆ ನಮ್ಮಲ್ಲಿ ಯಾರು ಬರೆದರೂ ಮೊದಲ ಪ್ಯಾರಾದಲ್ಲೇ ಒಂದು ಸಂಖ್ಯೆ ಬಂದುಬಿಡುತ್ತದೆ. 900 ಭಾರತೀಯ ಯೋಧರು ಅಲ್ಲಿ ಪ್ರಾಣ ಕೊಟ್ಟರು ಎಂಬ ಸಂಖ್ಯೆ. ಪತ್ರಿಕೆಗಳಲ್ಲಿ, ಭಾಷಣಗಳಲ್ಲಿ, ಸೆಪ್ಟೆಂಬರ್ 23ರ ಆಸುಪಾಸಿನಲ್ಲಿ ಫೋನಿನಿಂದ ಫೋನಿಗೆ ಹರಿದಾಡುವ ಸಂದೇಶಗಳಲ್ಲಿ ಅದು ಎಷ್ಟು ಸಲ ಬಂದಿದೆಯೆಂದರೆ, ಈಗ ಅದನ್ನು ಪ್ರಶ್ನಿಸಿದವನೇ ಅನುಮಾನಕ್ಕೆ ಗುರಿಯಾಗುತ್ತಾನೆ. ಮಿಲಿಟರಿ ದಾಖಲೆಗಳು ಹೇಳುವುದು ಬೇರೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಹಿಡಿದ 15ನೇ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡಿನಲ್ಲಿ ಆ ದಿನ ಸತ್ತವರು 8 ಜನ, ಗಾಯಗೊಂಡವರು 34. ಸತ್ತ ಕುದುರೆಗಳು 60. ಸತ್ತವರಲ್ಲಿ ಜೋಧಪುರದ ಮೇಜರ್ ದಳಪತ್ ಸಿಂಗ್ ಒಬ್ಬರು. ಇಸ್ರೇಲಿನ ಬೇರೆ ಬೇರೆ ಸ್ಮಶಾನಗಳಲ್ಲಿ, ಹೈಫಾ, ಜೆರುಸಲೇಂ, ರಾಮ್ಲೆ ಎಲ್ಲ ಸೇರಿ, ಸುಮಾರು 900 ಭಾರತೀಯ ಸೈನಿಕರ ಸಮಾಧಿ ಮತ್ತು ಸ್ಮರಣೆ ಇದೆ. ಬಹುಶಃ ಆ ಲೆಕ್ಕ ಯಾರದೋ ಕೈಯಲ್ಲಿ ಈ ಲೆಕ್ಕದೊಳಕ್ಕೆ ಬಂದು ಸೇರಿದೆ.

ಎಂಟು ಜನ ಸತ್ತರು ಎಂದರೆ ನಮಗೆ ಯಾಕೆ ಸಾಲದು? ಈ ಪ್ರಶ್ನೆ ನನ್ನನ್ನು ಬಿಡದೆ ಕಾಡುತ್ತಿದೆ. ಮೊದಲ ಮಹಾಯುದ್ಧಕ್ಕೆ ಹೋದ ಮೈಸೂರು ಸಂಸ್ಥಾನದ ಸೈನಿಕರ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಅದರಲ್ಲೂ ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆ ಪಡೆಯ ಮೇಲೆ. ದಿನವೂ ಸತ್ತವರ ಪಟ್ಟಿಗಳ ಜೊತೆ ಕೂತವರಿಗೆ ಸಂಖ್ಯೆ ದೊಡ್ಡದಾದಷ್ಟೂ ಸಾವು ಸಣ್ಣದಾಗುವುದು ಬೇಗ ಗೊತ್ತಾಗುತ್ತದೆ. ಎಂಟು ಜನ ಅಂದರೆ ಹೆಸರು ಕೇಳಬಹುದು, ಊರು ಕೇಳಬಹುದು. 900 ಅಂದಾಗ ಕೈ ಮುಗಿದು ಮುಂದೆ ಹೋಗುವುದಷ್ಟೇ ಉಳಿಯುತ್ತದೆ. ಸಂಖ್ಯೆಯನ್ನು ಹಿಗ್ಗಿಸುವವರಿಗೆ ಸತ್ತವರ ಬಗ್ಗೆ ಹೆಚ್ಚು ಗೌರವ ಇರುತ್ತದೆ ಎಂದು ನನಗನ್ನಿಸುವುದಿಲ್ಲ.

ಈ ಪಡೆಯ ಪರಿಚಯ ಇಲ್ಲದವರಿಗೆ ನಾಲ್ಕು ಮಾತು. ಇಂಪೀರಿಯಲ್ ಸರ್ವಿಸ್ ಎಂದರೆ ಸಂಸ್ಥಾನದ ಖರ್ಚಿನಲ್ಲಿ ಸಾಕಿದ, ಬ್ರಿಟಿಷರು ತರಬೇತಿ ಕೊಟ್ಟು ಬೇಕಾದಾಗ ಕರೆಸಿಕೊಳ್ಳುತ್ತಿದ್ದ ಸೈನ್ಯ. ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರು ಕಳಿಸಿದ ಲ್ಯಾನ್ಸರುಗಳು 1914ರ ಕೊನೆಯಲ್ಲಿ ಈಜಿಪ್ಟಿಗೆ ಹೋಗಿ ಮೊದಲು ಸೂಯೆಜ್ ಕಾಲುವೆ ಕಾದರು, ಆಮೇಲೆ ಸಿನಾಯ್, ಗಾಜಾ, ಪ್ಯಾಲೆಸ್ತೀನ್. ಹೈಫಾದಲ್ಲಿ ಜೋಧಪುರದವರು ಕಿಷೋನ್ ಹೊಳೆಗೂ ಕಾರ್ಮೆಲ್ ಬೆಟ್ಟಕ್ಕೂ ನಡುವಿನ ಇಕ್ಕಟ್ಟಿನಲ್ಲಿ ನುಗ್ಗಿ ಊರು ಹೊಕ್ಕರೆ, ಬೆಟ್ಟದ ಮೇಲಿನ ಫಿರಂಗಿಗಳ ಕಡೆಗೆ ಹತ್ತಿದವರಲ್ಲಿ ಮೈಸೂರಿನವರಿದ್ದರು. ಸಾವಿರದ ಮುನ್ನೂರಕ್ಕೂ ಹೆಚ್ಚು ಸೆರೆಯಾಳುಗಳು ಸಿಕ್ಕರು. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂವರು ಮೈಸೂರು, ಜೋಧಪುರ, ಹೈದರಾಬಾದ್ ಪಡೆಗಳ ಪ್ರತೀಕ. 2018ರಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರೂ ಸೇರಿತು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಈ ಪಡೆಯದೊಂದು ಸ್ಮಾರಕವಿದೆ. ಅದರ ಮುಂದೆ ದಿನಾ ಓಡಾಡುವವರಲ್ಲಿ ಎಷ್ಟು ಜನ ನಿಂತು ನೋಡಿದ್ದಾರೋ.

ಹೈಫಾದ ನಂತರ ಇವರು ಎಲ್ಲಿಗೆ ಹೋದರು ಎಂದು ಯಾರೂ ಕೇಳುವುದಿಲ್ಲ. ಅದೇ ಬ್ರಿಗೇಡ್ ಉತ್ತರಕ್ಕೆ ನಡೆಯುತ್ತಾ 1918ರ ಅಕ್ಟೋಬರ್ 26ರಂದು ಸಿರಿಯಾದ ಅಲೆಪ್ಪೊ ದಾಟಿ ಹರಿತಾನ್ ಎಂಬಲ್ಲಿ ತುರ್ಕರ ಮೇಲೆ ಏರಿಹೋಯಿತು. ಎದುರಿದ್ದವರು ಅಂದುಕೊಂಡದ್ದಕ್ಕಿಂತ ಬಹಳ ಹೆಚ್ಚಿದ್ದರು, ದಾಳಿ ಗೆಲ್ಲಲಿಲ್ಲ. ಹೈಫಾಕ್ಕಿಂತ ಹೆಚ್ಚು ಜನ, 20ಕ್ಕೂ ಮೀರಿ, ಅಲ್ಲಿ ಸತ್ತರು. ನಾಲ್ಕು ದಿನ ಕಳೆದು ಅಕ್ಟೋಬರ್ 30ಕ್ಕೆ ಮುದ್ರೋಸ್ ಒಪ್ಪಂದಕ್ಕೆ ಸಹಿ ಬಿತ್ತು, ಆ ರಂಗದ ಯುದ್ಧ ಮುಗಿಯಿತು. ಹರಿತಾನ್ ಹೆಸರಿನ ವೃತ್ತ ದೆಹಲಿಯಲ್ಲಿಲ್ಲ, ಆ ದಿನಕ್ಕೆ ಯಾರೂ ಹೂವಿಡುವುದಿಲ್ಲ. ಸೋತ ದಾಳಿ, ಜೊತೆಗೆ ಇವತ್ತಿನ ಯಾವ ದೇಶದ ಸ್ನೇಹಕ್ಕೂ ಅದು ಉಪಯೋಗಕ್ಕೆ ಬರುವುದಿಲ್ಲ.

ಈ ಕೆಲಸದಲ್ಲಿ ತೊಡಗಿದ ಮೇಲೆ ನನಗನ್ನಿಸಿರುವುದು, ಈ ಸವಾರರನ್ನು ಎರಡು ಸಲ ಭರ್ತಿ ಮಾಡಿಕೊಂಡಿದ್ದಾರೆ. ಮೊದಲ ಸಲ ಬದುಕಿದ್ದಾಗ, ಸಾಮ್ರಾಜ್ಯಕ್ಕೆ. ಎರಡನೇ ಸಲ ಸತ್ತ ಮೇಲೆ, ನಮ್ಮ ನಮ್ಮ ಕಥೆಗಳಿಗೆ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಇವರನ್ನು ಕಂಡರೆ ಮುಜುಗರ. ಪರದೇಶದ ರಾಜನಿಗಾಗಿ ಸತ್ತವರು, ಇವರು ದುಡಿದ ಸಾಮ್ರಾಜ್ಯವೇ ಮರುವರ್ಷ, 1919ರ ಏಪ್ರಿಲ್ 13ರಂದು, ಜಲಿಯನ್‌ವಾಲಾ ಬಾಗಿನಲ್ಲಿ ಗುಂಡು ಹಾರಿಸಿತು. ಹಾಗಾಗಿ ಮರೆತೆವು. ಈಗ ಇವರು ಹೈಫಾದ 'ವಿಮೋಚಕರು'. ವಿಮೋಚನೆ ಯಾರಿಂದ, ಯಾರಿಗೆ? ಆ ನೆಲ ತುರ್ಕರ ಕೈಯಿಂದ ಬ್ರಿಟಿಷರ ಕೈಗೆ ಹೋಯಿತು. 1917ರ ನವೆಂಬರಿನಲ್ಲೇ ಬಾಲ್ಫರ್ ಘೋಷಣೆ ಹೊರಬಿದ್ದಿತ್ತು. ಮುಂದೆ 1948ರಲ್ಲಿ ಅದೇ ಹೈಫಾದಿಂದ ಅರಬ್ ಕುಟುಂಬಗಳು ಹಡಗು ಹತ್ತಿ ಊರು ಬಿಟ್ಟವು. ಇದರಲ್ಲಿ ಯಾವುದೂ ಕುದುರೆಯ ಮೇಲಿದ್ದವನಿಗೆ ಗೊತ್ತಿರಲು ಸಾಧ್ಯವಿರಲಿಲ್ಲ. ಅವನ ಬಾಯಲ್ಲಿ ಆ ಘೋಷಣೆಗಳನ್ನು ಇಡುವುದು ಎಷ್ಟು ಸುಳ್ಳೋ, ಅವನನ್ನು ಸಾಮ್ರಾಜ್ಯಶಾಹಿಯ ಬಂಟ ಎಂದು ತಳ್ಳಿಹಾಕುವುದೂ ಅಷ್ಟೇ ಸುಳ್ಳು. ಯುದ್ಧ ಶುರುವಾದಾಗ ಬ್ರಿಟಿಷ್ ಇಂಡಿಯಾದ ಕಾಲಾಳು ಸಿಪಾಯಿಯ ಸಂಬಳ ತಿಂಗಳಿಗೆ 11 ರೂಪಾಯಿ. ಸೈನ್ಯ ಸೇರಿದವರಲ್ಲಿ ಬಹಳಷ್ಟು ಜನರ ಲೆಕ್ಕಾಚಾರ ಅದರ ಸುತ್ತಮುತ್ತಲೇ ಇತ್ತು. ಅದನ್ನು ಹೇಳಿದರೆ ಅವರ ಮಾನ ಕಡಿಮೆಯಾಗುತ್ತದೆ ಎಂದು ನಾವೇಕೆ ಭಾವಿಸುತ್ತೇವೋ ತಿಳಿಯದು. ಹೊಟ್ಟೆಪಾಡಿಗೆ ಹೋದವನ ಸಾವು ಸಾವಲ್ಲವೇ?

ಹಾಗಾದರೆ ಸತ್ತವನಿಗೆ ಅನ್ಯಾಯ ಮಾಡುವುದು ಸಾಧ್ಯವೇ? ಎಪಿಕ್ಯೂರಸನನ್ನು ಕೇಳಿದರೆ ಸಾಧ್ಯವಿಲ್ಲ. ನಾವಿರುವಾಗ ಸಾವಿಲ್ಲ, ಸಾವು ಬಂದಾಗ ನಾವಿಲ್ಲ ಎಂಬ ಅವನ ವಾದದಲ್ಲಿ ಸತ್ತವನಿಗೆ ನೋವೂ ಇಲ್ಲ, ಅವಮಾನವೂ ಇಲ್ಲ. ಅರಿಸ್ಟಾಟಲ್‌ಗೆ ಇದು ಇಷ್ಟು ಸಲೀಸು ಅನ್ನಿಸಲಿಲ್ಲ. ತನ್ನ ನೀತಿಶಾಸ್ತ್ರದ ಮೊದಲ ಭಾಗದಲ್ಲೇ ಅವನು, ಮಕ್ಕಳು ಮೊಮ್ಮಕ್ಕಳಿಗೆ ಆಗುವ ಒಳಿತು ಕೆಡುಕು ಸತ್ತವನನ್ನು ತಟ್ಟುತ್ತದೆಯೇ ಎಂದು ಕೇಳಿಕೊಂಡು, ತಟ್ಟಿದರೂ ಅಷ್ಟಾಗಿ ಅಲ್ಲ ಎಂಬಂತೆ ಅರೆಮನಸ್ಸಿನಿಂದ ಮುಗಿಸುತ್ತಾನೆ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಅಮೆರಿಕದ ಜೋಯೆಲ್ ಫೈನ್‌ಬರ್ಗ್ 1980ರ ದಶಕದಲ್ಲಿ ಮುಂದಿಟ್ಟ ವಾದ. ಹಾನಿಯಾಗುವುದು ಮಣ್ಣಲ್ಲಿರುವ ದೇಹಕ್ಕಲ್ಲ, ಒಂದು ಕಾಲದಲ್ಲಿ ಬದುಕಿದ್ದ ಆ ಮನುಷ್ಯನಿಗೆ. ಅವನು ಬಯಸಿದ್ದ ಕೆಲವು ಸಂಗತಿಗಳು ಅವನ ಸಾವಿನಾಚೆಗೂ ಚಾಚಿಕೊಂಡಿರುತ್ತವೆ. ತನ್ನ ಬಗ್ಗೆ ಸುಳ್ಳು ಹೇಳಬಾರದು, ತನ್ನ ಮನೆ ಉಳಿಯಬೇಕು, ತಾನು ಯಾರೆಂಬುದು ಅಳಿಯಬಾರದು ಎಂಬಂಥವು. ಅವನ್ನು ಮುರಿದರೆ ಅವನಿಗೇ ಮುರಿದಂತೆ, ಅವನಿಗೆ ಅದು ತಿಳಿಯದಿದ್ದರೂ. ಬೆನ್ನ ಹಿಂದೆ ನಮ್ಮ ಬಗ್ಗೆ ಸುಳ್ಳು ಹಬ್ಬಿಸಿದವನು, ನಮಗೆ ಅದು ಗೊತ್ತಾಗದೇ ಹೋದರೂ, ನಮಗೆ ಕೆಡುಕು ಮಾಡಿದಂತೆಯೇ ತಾನೆ.

ಹೆಸರಿನ ವಿಷಯಕ್ಕೆ ಬಂದರೆ ವಾದ ಇನ್ನೂ ಗಟ್ಟಿಯಾಗುತ್ತದೆ. ಇಂಪೀರಿಯಲ್ ವಾರ್ ಗ್ರೇವ್ಸ್ ಕಮಿಷನ್ 1917ರಲ್ಲಿ ಹುಟ್ಟಿತು. ಅಧಿಕಾರಿಯೂ ಸಿಪಾಯಿಯೂ ಸಾವಿನಲ್ಲಿ ಸಮಾನರು, ಎಲ್ಲರಿಗೂ ಒಂದೇ ಬಗೆಯ ಸ್ಮರಣೆ ಎಂಬುದು ಅದರ ತತ್ವ. ಆ ಕಾಲಕ್ಕೆ ಅದು ದೊಡ್ಡ ಮಾತು. ಫ್ರಾನ್ಸಿನ ನವ್ ಶಪೆಲ್‌ನಲ್ಲಿರುವ ಸ್ಮಾರಕದಲ್ಲಿ 4,700ಕ್ಕೂ ಹೆಚ್ಚು ಭಾರತೀಯರ ಹೆಸರು ಕೆತ್ತಿದ್ದಾರೆ. ಇರಾಕಿನ ಬಸ್ರಾ ಸ್ಮಾರಕಕ್ಕೆ ಹೋದರೆ ತತ್ವ ಬೇರೆ. 1929ರಲ್ಲಿ ತೆರೆದ ಆ ಸ್ಮಾರಕ, ಮೆಸೊಪೊಟೇಮಿಯಾದಲ್ಲಿ ಸತ್ತು ಸಮಾಧಿಯೂ ಸಿಗದ 40,500ಕ್ಕೂ ಹೆಚ್ಚು ಜನರದ್ದು. ಬ್ರಿಟಿಷ್ ಸೈನಿಕರೆಲ್ಲರ ಹೆಸರು ಅಲ್ಲಿದೆ. ಭಾರತೀಯರಲ್ಲಿ ಅಧಿಕಾರಿಗಳ ಹೆಸರಿದೆ. ಮಿಕ್ಕವರಿಗೆ ಪಡೆಯ ಹೆಸರು, ಅದರ ಕೆಳಗೆ ಇಷ್ಟು ಜನ ಎಂಬ ಸಂಖ್ಯೆ. ಯುರೋಪಿನ ಜನ ಬಂದು ನೋಡುವ ಜಾಗದಲ್ಲಿ ಹೆಸರು, ಯಾರೂ ಬಾರದ ಜಾಗದಲ್ಲಿ ಲೆಕ್ಕ. ಇದೇ ಕಮಿಷನ್, ಈಗ ಕಾಮನ್‌ವೆಲ್ತ್ ಎಂದು ಹೆಸರು ಬದಲಾಯಿಸಿಕೊಂಡಿರುವುದು, 2021ರಲ್ಲಿ ತನ್ನದೇ ವರದಿಯೊಂದನ್ನು ಹೊರತಂದಿತು. ಮೊದಲ ಮಹಾಯುದ್ಧದಲ್ಲಿ ಸತ್ತ 45,000ದಿಂದ 54,000 ಜನರನ್ನು, ಹೆಚ್ಚಿನವರು ಭಾರತೀಯರು ಮತ್ತು ಆಫ್ರಿಕನ್ನರು, ಅಸಮಾನವಾಗಿ ಸ್ಮರಿಸಲಾಗಿದೆ. ಇನ್ನೂ ಕನಿಷ್ಠ 1,16,000 ಜನರನ್ನು ಹೆಸರಿನಿಂದ ಸ್ಮರಿಸಿಯೇ ಇಲ್ಲ ಎಂದು ಒಪ್ಪಿಕೊಂಡಿತು. ಕನಿಷ್ಠ ಎಂಬ ಮಾತನ್ನು ಗಮನಿಸಿ. ಬ್ರಿಟನ್ನಿನ ರಕ್ಷಣಾ ಸಚಿವರು ಸಂಸತ್ತಿನಲ್ಲಿ ಕ್ಷಮೆ ಕೇಳಿದರು.

ಅವಿಶೈ ಮಾರ್ಗಲಿತ್ ಎಂಬ ಇಸ್ರೇಲಿ ತತ್ವಜ್ಞಾನಿ ನೆನಪಿನ ನೀತಿಯ ಬಗ್ಗೆ 2002ರಲ್ಲಿ ಪ್ರಕಟಿಸಿದ ಪುಸ್ತಕ ಒಬ್ಬ ಕರ್ನಲ್‌ನ ಪ್ರಸಂಗದಿಂದ ಶುರುವಾಗುತ್ತದೆ. ತನ್ನ ಕೈಕೆಳಗೆ ಸತ್ತ ಯುವ ಸೈನಿಕನ ಹೆಸರು ಆ ಕರ್ನಲ್‌ಗೆ ನೆನಪಾಗಲಿಲ್ಲ, ಅದಕ್ಕೆ ಜನ ಸಿಟ್ಟಾದರು. ಯಾಕೆ ಸಿಟ್ಟು? ಹೆಸರು ಮರೆತರೇನು, ಹುಡುಗನ ಬಗ್ಗೆ ಮಿಕ್ಕಿದ್ದೆಲ್ಲ ನೆನಪಿದ್ದರೆ ಸಾಲದೇ? ಮಾರ್ಗಲಿತ್ ಇದನ್ನು ಹಿಡಿದು ಬಹಳ ದೂರ ಹೋಗುತ್ತಾರೆ. ನೆನಪಿಡುವ ಹೊಣೆ ಇರುವುದು ಗಾಢ ಸಂಬಂಧ ಇರುವವರಿಗೆ, ಮನೆಯವರಿಗೆ, ಗೆಳೆಯರಿಗೆ, ಸಮುದಾಯಕ್ಕೆ. ಇಡೀ ಮನುಕುಲಕ್ಕೆ ಆ ಹೊಣೆ ತೆಳು ಎಂಬುದು ಸ್ಥೂಲವಾಗಿ ಅವರ ನಿಲುವು. ಇದು ಸರಿಯಾದರೆ ನಾನು ಹುಡುಕುತ್ತಿರುವ ಸವಾರ ನನಗೆ ಏನೂ ಆಗಬೇಕಿಲ್ಲ. ಅವನು ನನ್ನ ಬಂಧುವಲ್ಲ, ನನ್ನ ಊರಿನವನಲ್ಲ. ಆದರೆ ಮಾರ್ಗಲಿತ್ ಹೇಳದ ಇನ್ನೊಂದು ಸಂಬಂಧವಿದೆ ಎಂದು ನನಗನ್ನಿಸುತ್ತದೆ. ಅದು ಪ್ರೀತಿಯದಲ್ಲ, ಕರಾರಿನದು. ಸೈನ್ಯಕ್ಕೆ ಸೇರುವಾಗ ಒಬ್ಬ ಗುಮಾಸ್ತ ಅವನ ಹೆಸರು, ತಂದೆ ಹೆಸರು, ಊರು, ಮೈಮೇಲಿನ ಮಚ್ಚೆ ಬರೆದುಕೊಂಡ. ಹೆಸರು ಹಿಡಿದು ಕರೆದೇ ಸಂಬಳ ಕೊಟ್ಟರು, ತಪ್ಪಿದಾಗ ಶಿಕ್ಷೆಯನ್ನೂ ಕೊಟ್ಟರು. ಸತ್ತ ಮೇಲೆ ಮಾತ್ರ ಹೆಸರು ಯಾಕೆ ಬೇಡವಾಯಿತು? ಹೆಸರು ಹಿಡಿದು ಕರೆದೊಯ್ದವರು ಹೆಸರು ಹಿಡಿದೇ ಲೆಕ್ಕ ಒಪ್ಪಿಸಬೇಕು. ಬಸ್ರಾದ ಗೋಡೆಯ ಮೇಲೆ ಹೆಸರು ಇರಬೇಕು ಎನ್ನುವಾಗ ನಾವು ಔದಾರ್ಯ ಕೇಳುತ್ತಿಲ್ಲ, ಬಾಕಿ ಕೇಳುತ್ತಿದ್ದೇವೆ.

ಇದು ನಮ್ಮ ನೆಲಕ್ಕೆ ಹೊಸ ವಿಚಾರವೇನಲ್ಲ. ಕರ್ನಾಟಕದಲ್ಲಿ ಊರಿಗೊಂದರಂತೆ ವೀರಗಲ್ಲುಗಳಿವೆ. ತುರುಗೊಳ್ ಎಂದರೆ ದನ ಹೊಡೆದುಕೊಂಡು ಹೋಗುವವರನ್ನು ಅಡ್ಡಗಟ್ಟಿ ಸತ್ತವನಿಗೂ ಕಲ್ಲು. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ. ಬೆಂಗಳೂರು ಎಂಬ ಊರಿನ ಹೆಸರು ನಮಗೆ ಮೊದಲು ಸಿಗುವುದೇ ಸುಮಾರು 890ರ ಬೇಗೂರಿನ ಶಾಸನದಲ್ಲಿ, ಬೆಂಗಳೂರು ಕಾಳಗದಲ್ಲಿ ಸತ್ತ, ನಾಗತ್ತರನ ಮನೆಯ ಆಳೊಬ್ಬನನ್ನು ನೆನೆಯುವಾಗ. ಆತಕೂರಿನ 10ನೇ ಶತಮಾನದ ಕಲ್ಲಂತೂ ಇನ್ನೂ ವಿಚಿತ್ರ. ಗಂಗರ ಬೂತುಗನ ಬಳಿ ಮಣಲೇರ ಎಂಬ ವೀರ ಬಹುಮಾನವಾಗಿ ಕೇಳಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಹಂದಿಯೊಂದರ ಮೇಲೆ ಬಿದ್ದು, ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿ, ಹೆಸರು ಬರೆಸಿ, ಪೂಜೆಗೆ ಭೂಮಿ ಬಿಟ್ಟರು. ಸಾವಿರ ವರ್ಷದ ಹಿಂದೆ ನಾಯಿಗೆ ಸಿಕ್ಕ ಹೆಸರು ಬಸ್ರಾದ ಸಿಪಾಯಿಗೆ ಸಿಗಲಿಲ್ಲ ಎಂದು ಬರೆದು ಚಪ್ಪಾಳೆ ಗಿಟ್ಟಿಸುವುದು ಸುಲಭ. ನಾನು ಹೇಳಬೇಕಿರುವುದು ಅದಲ್ಲ. ಆ ಕಲ್ಲುಗಳ ಜೊತೆ ಬರುತ್ತಿದ್ದ ನೆಲದ ಬಗ್ಗೆ. ಬಾಳ್ಗಚ್ಚು, ಕಲ್ನಾಡು, ನೆತ್ತರುಗೊಡಗೆ ಎಂದೆಲ್ಲ ಶಾಸನಗಳಲ್ಲಿ ಬರುವ ದತ್ತಿಗಳು. ನೆತ್ತರುಗೊಡಗೆ, ಅಂದರೆ ಚೆಲ್ಲಿದ ರಕ್ತಕ್ಕಾಗಿ ಸತ್ತವನ ಮನೆಗೆ ಕೊಟ್ಟ ಜಮೀನು. ಸ್ಮರಣೆ ಮತ್ತು ಉಳುವ ಹೊಲ ಎರಡೂ ಒಂದೇ ವಾಕ್ಯದಲ್ಲಿ ಇರುತ್ತಿದ್ದವು. ಈಗಿನ ನಮ್ಮ ಹೂಗುಚ್ಛಗಳಲ್ಲಿ ಆ ಎರಡನೆಯದು ಇಲ್ಲ.

ನೆಲದ ಮಾತು ಬಂದದ್ದಕ್ಕೆ ಕಾರಣವಿದೆ. ಮಂಡ್ಯದ ಕಡೆಯ ಒಂದು ಊರಿನಲ್ಲಿ, ನಾನು ದಾಖಲೆಗಳಲ್ಲಿ ಹಿಂಬಾಲಿಸುತ್ತಿದ್ದ ಸವಾರನೊಬ್ಬನ ತಮ್ಮನ ಮೊಮ್ಮಗಳು ಸಿಕ್ಕರು. ಎಪ್ಪತ್ತು ದಾಟಿದ ಅಜ್ಜಿ. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದವರು ನಾನು ಬಂದ ಕೆಲಸ ಕೇಳಿ ಕೈ ನಿಲ್ಲಿಸಲಿಲ್ಲ.

"ನೂರ್ ವರ್ಸ ಆಯ್ತಲ್ಲ ಮಗಾ, ಈಗ್ಯಾಕ್ ಕೆದಕ್ತೀಯ? ದುಡ್‌ಗಿಡ್ ಏನಾರ ಬತ್ತದಾ?"

ಬರುವುದಿಲ್ಲ ಎಂದೆ. ಸಂಶೋಧಕರು ಇಂಥ ಮನೆಗಳ ಬಾಗಿಲು ತಟ್ಟಿದಾಗಲೆಲ್ಲ ಈ ಪ್ರಶ್ನೆ ಬರುತ್ತದೆ, ಅದು ನ್ಯಾಯವಾದ ಪ್ರಶ್ನೆ. ನನಗೆ ಇದರಿಂದ ಪದವಿ ಬರುತ್ತದೆ, ಮುಂದೆ ಕೆಲಸ ಸಿಕ್ಕರೂ ಸಿಗಬಹುದು. ಅವರಿಗೆ ಒಂದು ಮಧ್ಯಾಹ್ನ ಹೋಗುತ್ತದೆ. ಅಜ್ಜಿ ಬೇಜಾರು ಮಾಡಿಕೊಳ್ಳಲಿಲ್ಲ. ತಮ್ಮ ಅಪ್ಪ ಹೇಳುತ್ತಿದ್ದ ಕಥೆ ಹೇಳಿದರು. ದೊಡ್ಡಜ್ಜ ಕುದುರೆಯ ಮೇಲೆಯೇ ಸತ್ತ, ಭರ್ಜಿ ಕೈಯಿಂದ ಬಿಡಲೇ ಇಲ್ಲ. ಅದನ್ನು ಹೇಳಿ ನನ್ನ ಮುಖ ನೋಡಿದರು.

"ದಿಟವಾ? ನಿನ್ನ್ ಕಾಗ್ದದಾಗೆ ಏನ್ ಬರದವ್ರೆ?"

ನನ್ನ ಕಾಗದದಲ್ಲಿ ಒಂದು ಹೆಸರು, ಒಂದು ನಂಬರು, 1918ರ ಅಕ್ಟೋಬರಿನ ಒಂದು ತಾರೀಖು ಮತ್ತು 'ರೋಗದಿಂದ' ಎಂಬ ಒಂದು ಪದ ಇತ್ತು. ಆ ತಿಂಗಳು ದಮಾಸ್ಕಸ್ ಕಡೆಗೆ ಹೋದ ಕುದುರೆ ಪಡೆಗಳನ್ನು ಮಲೇರಿಯಾ ಮತ್ತು ಇನ್‌ಫ್ಲುಯೆಂಜಾ ಹುರಿದು ಮುಕ್ಕಿದ್ದವು. ಕಾದಾಟದಲ್ಲಿ ಸತ್ತವರಿಗಿಂತ ಜ್ವರದಲ್ಲಿ ಸತ್ತವರೇ ಹೆಚ್ಚು. ಒಂದು ಕ್ಷಣ ನನ್ನ ಮುಂದೆ ಎರಡು ದಾರಿಯೂ ಇದ್ದವು. ನೂರು ವರ್ಷ ಒಂದು ಮನೆಯನ್ನು ಹಿಡಿದು ನಿಲ್ಲಿಸಿದ ಕಥೆ ಅದು, ನಾನು ಯಾರು ಅದನ್ನು ಮುರಿಯಲು ಎಂಬುದು ಒಂದು. ದಯೆಯಿಂದ ಹೇಳುವ ಸುಳ್ಳು ಅಂತಿಮವಾಗಿ 900 ಎಂಬ ಸಂಖ್ಯೆಯ ಜಾತಿಯದೇ ಎಂಬುದು ಇನ್ನೊಂದು. ಅವರು ಕೇಳದೇ ಇದ್ದಿದ್ದರೆ ನಾನಾಗಿ ಹೇಳುತ್ತಿರಲಿಲ್ಲ. ಆದರೆ ಕೇಳಿದರು. ಅದೂ ನೇರವಾಗಿ, ಕಾಗದದಲ್ಲಿ ಏನಿದೆ ಎಂದು. ಓದಲು ಬಾರದವರಿಗೆ ಕಾಗದ ತಪ್ಪಾಗಿ ಓದಿ ಹೇಳುವುದು ನಮ್ಮ ಹಳ್ಳಿಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಮೋಸ.

"ಜ್ವರ ಬಂದು ತೀರಿಕೊಂಡರು ಅಂತ ಬರೆದಿದ್ದಾರೆ ಅಜ್ಜಿ" ಎಂದೆ.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಂಗಾರೆ ಯಾರಾರ ಒಂದ್ ಗುಟ್ಕು ನೀರ್ ಕೊಟ್ಟಿರ್ತಾರೆ ಬುಡು" ಎಂದರು.

ನಾನು ಓದಿದ ಯಾವ ಯುದ್ಧ ಚರಿತ್ರೆಯಲ್ಲೂ ಜ್ವರದ ಸಾವಿನ ಪರವಾಗಿ ಇಷ್ಟು ಒಳ್ಳೆಯ ಮಾತು ಸಿಕ್ಕಿಲ್ಲ. ಬಯಲಲ್ಲಿ ಕುದುರೆಯ ಕೆಳಗೆ ಸಿಕ್ಕಿ ಸತ್ತವನಿಗೆ ನೀರು ಕೊಡುವವರು ಯಾರು? ವೀರಮರಣ ಎಂದು ನಾವು ದೂರದಿಂದ ಬಯಸುವುದನ್ನು ಆ ಮನೆಯ ಹೆಂಗಸು ಬಯಸಬೇಕಾಗಿಯೇ ಇರಲಿಲ್ಲ.

ಹೊರಡುವಾಗ ಅವರು ಒಂದೇ ಒಂದು ಮಾತು ನಡೆಸಿಕೊಡು ಎಂದರು. ಹೆಸರು ಹಾಕಬೇಡ. ಸವಾರನ ಹೆಂಡತಿಗೆ ಆಗ ಇಪ್ಪತ್ತೂ ಆಗಿರಲಿಲ್ಲ. ಸುದ್ದಿ ಬಂದ ಕೆಲವು ವರ್ಷಕ್ಕೆ ಕೂಡಾವಳಿಯಾಗಿ ಬೇರೆ ಊರಿಗೆ ಹೋದಳು. ಅಲ್ಲಿ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು. "ಅವ್ರಿಗ್ ಇದ್ಯಾವ್ದೂ ತಿಳೀದು. ಆಯಮ್ಮ ಬದುಕ್ಕಂಡ್ಳು, ಅಷ್ಟ್ ಸಾಕು." ನಮ್ಮ ಊರುಗಳಲ್ಲಿ ವೀರಗಲ್ಲಿನ ಪಕ್ಕದಲ್ಲೇ ಮಾಸ್ತಿಗಲ್ಲುಗಳಿವೆ, ಗಂಡನ ಜೊತೆ ಉರಿದುಹೋದ ಹೆಂಡತಿಯ ಬಳೆ ತೊಟ್ಟ ಕೈ ಕೆತ್ತಿದ ಕಲ್ಲುಗಳು. ಬದುಕಿಕೊಂಡವಳಿಗೆ ಕಲ್ಲಿಲ್ಲ. ಈ ಅಜ್ಜಿ ಕೇಳುತ್ತಿದ್ದುದೂ ಕಲ್ಲಲ್ಲ, ಅವಳನ್ನು ಅವಳ ಪಾಡಿಗೆ ಬಿಡಬೇಕು ಎಂದಷ್ಟೇ.

ಇಲ್ಲಿಂದ ಮುಂದೆ ನನ್ನ ಕೆಲಸ ಗಂಟಾಗಿದೆ. ಸವಾರನ ಹೆಸರು ಗುಟ್ಟೇನಲ್ಲ. ಯಾರು ಬೇಕಾದರೂ ಕಮಿಷನ್ನಿನ ಜಾಲತಾಣದಲ್ಲಿ ನೋಡಬಹುದು. ಆದರೆ ಆ ಹೆಸರನ್ನು ಈ ಮನೆಗೆ, ಈ ಜಗಲಿಗೆ, ಆ ಇನ್ನೊಂದು ಊರಿಗೆ ಜೋಡಿಸುವ ಎಳೆ ಇರುವುದು ನನ್ನ ಕೈಯಲ್ಲಿ. ಹೆಸರು ಬಿಟ್ಟು ನಂಬರು ಮಾತ್ರ ಬರೆಯೋಣವೆಂದರೆ ಅದು ಬಸ್ರಾದಲ್ಲಿ ಅವರು ಮಾಡಿದ್ದೇ. ನೂರು ವರ್ಷದ ನಂತರ, ಒಳ್ಳೆಯ ಉದ್ದೇಶದಿಂದ, ನಾನೂ ಅವನನ್ನು ಸಂಖ್ಯೆ ಮಾಡಿದಂತೆ. ಬೇರೆ ಹೆಸರು ಇಡುವುದು ಕಾದಂಬರಿಕಾರರಿಗೆ ಸರಿ. ಸ್ವಂತ ಹೆಸರನ್ನು ಒಮ್ಮೆ ಕಳೆದುಕೊಂಡವನಿಗೆ ನಾನು ಸುಳ್ಳು ಹೆಸರು ಇಡಲಾರೆ. ಹೆಸರಿಲ್ಲದ ಸಾಕ್ಷ್ಯವನ್ನು ಪರೀಕ್ಷಕರು ಹೇಗೆ ಒಪ್ಪುತ್ತಾರೆ ಎಂದು ನನ್ನ ಮಾರ್ಗದರ್ಶಕರು ಕೇಳುತ್ತಾರೆ. ಅವರ ಕೇಳಿಕೆಯಲ್ಲೂ ತಪ್ಪಿಲ್ಲ.

ಖಾಸಗಿತನದ ಈ ತೊಡಕು ಮೈಸೂರಿನ ಸವಾರರಿಗೆ ಮಾತ್ರ ಸೀಮಿತವಲ್ಲ. ಯುದ್ಧದಲ್ಲಿದ್ದ ಭಾರತೀಯ ಸೈನಿಕರ ಬಗ್ಗೆ ನಮಗೆ ಸಿಗುವ ಅತ್ಯಂತ ಜೀವಂತ ಮೂಲವೆಂದರೆ ಅವರು ಫ್ರಾನ್ಸಿನಿಂದ, ಇಂಗ್ಲೆಂಡಿನ ಆಸ್ಪತ್ರೆಗಳಿಂದ ಮನೆಗೆ ಬರೆಸಿದ ಪತ್ರಗಳು. ಅವು ನಮಗೆ ಸಿಗುವುದು ಸೆನ್ಸಾರ್ ಅಧಿಕಾರಿಗಳು ಅವನ್ನು ಒಡೆದು ಓದಿದ್ದರಿಂದ. ಅವರು ಆಯ್ದು ಇಂಗ್ಲಿಷಿಗೆ ಇಳಿಸಿದ ತುಣುಕುಗಳು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ, ಮೂಲ ಕಾಗದಗಳು ಬಹುಮಟ್ಟಿಗೆ ಹೋಗಿವೆ. ಓದುತ್ತಾರೆಂದು ಸೈನಿಕರಿಗೂ ಗೊತ್ತಿತ್ತು. ಹಾಗಾಗಿ ಭಾರತೀಯ ಸಿಪಾಯಿಗಳಿಗೆ ಕರಿಮೆಣಸು, ಬ್ರಿಟಿಷರಿಗೆ ಕೆಂಪು ಮೆಣಸು ಎಂದು ಸಂಕೇತ ಮಾಡಿಕೊಂಡು, ಯಾವ ಮೆಣಸು ಎಷ್ಟು ಖರ್ಚಾಯಿತು ಎಂದು ಬರೆಸುತ್ತಿದ್ದರು. ಮೆಣಸಿನ ಲೆಕ್ಕ ಸೆನ್ಸಾರಿಗೂ ಅರ್ಥವಾಯಿತು, ಅದಕ್ಕೇ ಅದು ಕಡತ ಸೇರಿತು. ಆ ಪತ್ರಗಳನ್ನು ಓದುವಾಗ ಹೆಂಡತಿಗೆ ಬರೆದದ್ದರ ಮೇಲೆ ಕಣ್ಣಾಡಿಸುವ ಎರಡನೇ ಪರಕೀಯ ನಾನು ಎಂಬ ಅಳುಕು ಹೋಗುವುದಿಲ್ಲ. ಊರಿನ ಮಾತು ಬರಹಗಾರನ ಉರ್ದುವಾಗಿ, ಉರ್ದು ಸೆನ್ಸಾರಿನ ಇಂಗ್ಲಿಷಾಗಿ, ಅದು ಈಗ ನನ್ನ ಕನ್ನಡವಾಗುವಾಗ ಉಳಿದಿರುವುದು ಎಷ್ಟು ಎಂಬುದು ಬೇರೆಯೇ ಮಾತು. ಹಾಗೆಂದು ಓದದೇ ಬಿಡಬೇಕೇ? ಬಿಟ್ಟರೆ ಆ ಮನುಷ್ಯರ ಬಗ್ಗೆ ಉಳಿಯುವುದು ಸೇನಾಧಿಕಾರಿಗಳ ಡೈರಿ ಮಾತ್ರ.

ಸದ್ಯಕ್ಕೆ ನಾನು ಹಿಡಿದಿರುವ ದಾರಿ ಇದು. ಹೆಸರು ಮತ್ತು ಕಥೆ ಬೇರೆ ಬೇರೆ ಲೆಕ್ಕಕ್ಕೆ ಸೇರಿದವು ಎಂದು ತೀರ್ಮಾನಿಸಿದ್ದೇನೆ. ಹೆಸರು ಅವನನ್ನು ಕರೆದೊಯ್ದ ಸರ್ಕಾರಗಳು ಉಳಿಸಿಕೊಂಡ ಬಾಕಿ, ಅದನ್ನು ಬಹಿರಂಗವಾಗಿಯೇ ತೀರಿಸಬೇಕು. ಕಥೆ ಆ ಮನೆಯದು, ಅದರ ಮೇಲೆ ನನಗೆ ಹಕ್ಕಿಲ್ಲ, ಕೊಟ್ಟಷ್ಟು ಪಡೆಯಬಹುದು. ಹಾಗಾಗಿ ಪ್ರಬಂಧದ ಕೊನೆಯ ಅನುಬಂಧದಲ್ಲಿ ಸತ್ತವರೆಲ್ಲರ ಹೆಸರನ್ನೂ ಅಕಾರಾದಿಯಾಗಿ ಕೊಡುತ್ತಿದ್ದೇನೆ. ಹೈಫಾ, ಹರಿತಾನ್, ಜ್ವರ ಎಂಬ ಭೇದವಿಲ್ಲದೆ, ಅಧಿಕಾರಿ ಸವಾರ ಎಂಬ ಭೇದವೂ ಇಲ್ಲದೆ, ಕುದುರೆ ನೋಡಿಕೊಳ್ಳುತ್ತಿದ್ದ ಸಾಯಿಸ್‌ಗಳ ಹೆಸರು ಸಿಕ್ಕರೆ ಅವೂ ಸೇರಿ. ಜ್ವರ, ನೀರು ಮತ್ತು ಬದುಕಿಕೊಂಡ ಹೆಂಡತಿಯ ಕಥೆ ನಾಲ್ಕನೇ ಅಧ್ಯಾಯದಲ್ಲಿ ಊರೂ ಹೆಸರೂ ಇಲ್ಲದೆ ಇದೆ, ಅಜ್ಜಿಗೆ ಓದಿ ಹೇಳಿ ಒಪ್ಪಿಸಿದ ಮೇಲೆ. ಇಲ್ಲಿ ಬರೆದದ್ದೂ ಅವರು ಒಪ್ಪಿದಷ್ಟೇ. ಎರಡನ್ನೂ ಓದಿದವರಿಗೆ ಅವು ಜೋಡಿಯಾಗಬಾರದು. ಪರೀಕ್ಷಕರು ಕೇಳಿದರೆ ಮೂಲವನ್ನು ಮೊಹರು ಮಾಡಿದ ಲಕೋಟೆಯಲ್ಲಿ ಕೊಡುವುದಕ್ಕೆ ಮಾರ್ಗದರ್ಶಕರು ಒಪ್ಪಿದ್ದಾರೆ, ವಿಶ್ವವಿದ್ಯಾಲಯ ಒಪ್ಪುತ್ತದೆಯೋ ಕಾದು ನೋಡಬೇಕು.

ಈಗ ಕೂತಿರುವುದು ಆ ಅನುಬಂಧದ ಮುಂದೆ. ಮೂಲ ಪಟ್ಟಿಗಳೆಲ್ಲ ಇಂಗ್ಲಿಷಿನಲ್ಲಿವೆ, ಕಿವಿಗೆ ಬಿದ್ದಂತೆ ಬರೆದ ಗುಮಾಸ್ತರ ಕಾಗುಣಿತದಲ್ಲಿ. ಒಂದೇ ಹೆಸರು ಮೂರು ಕಡೆ ಮೂರು ರೀತಿ. ಹ್ರಸ್ವವೋ ದೀರ್ಘವೋ, ಲಕಾರವೋ ಳಕಾರವೋ, ಊರಿನ ಹೆಸರು ಎಲ್ಲಿ ಮುಗಿದು ತಂದೆಯ ಹೆಸರು ಎಲ್ಲಿ ಶುರುವಾಗುತ್ತದೋ ಹೇಳುವುದು ಕಷ್ಟ. ಕೆಲವನ್ನು ಆಯಾ ಕಡೆಯ ಹಿರಿಯರನ್ನು ಕೇಳಿ ಸರಿ ಮಾಡಿಕೊಂಡಿದ್ದೇನೆ. ಕೇಳಲು ಯಾರೂ ಉಳಿಯದ ಹೆಸರುಗಳನ್ನು ಸಾಧ್ಯವಿರುವ ಎರಡೂ ರೂಪದಲ್ಲಿ, ನಡುವೆ ಒಂದು ಅಡ್ಡಗೆರೆ ಹಾಕಿ ಬರೆಯುತ್ತಿದ್ದೇನೆ.